ಆ್ಯಪಿನಲ್ಲಿ ವರ, ವರಸೆಯಲ್ಲಿ ಚಿಕ್ಕಪ್ಪ

ಬೇರೆಯವರ ಪ್ರೇಮದಲ್ಲಿ ಹಾಡು, ಹೂವು ಇರುತ್ತವಂತೆ. ನಾನು ಕೈ ಹಾಕಿದಾಗಲೆಲ್ಲ ಒಂದು ಪಜೀತಿ ತಪ್ಪಿದ್ದಲ್ಲ. ನಾನು ಅರಕಲಗೂಡಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ವಯಸ್ಸು ಮೂವತ್ತು ದಾಟಿದಾಗ ಅಮ್ಮ ಬ್ರೋಕರುಗಳ ಆಸೆ ಬಿಟ್ಟಳು, ನಾನು ಡೇಟಿಂಗ್ ಆ್ಯಪ್ ಹಾಕಿಕೊಂಡೆ. ಎದುರಿಗೆ ಕೂತು ಉಣ್ಣುವುದಕ್ಕೆ ಒಬ್ಬ ಮನುಷ್ಯ ಬೇಕೆಂದು ನಿಜವಾಗಿಯೂ ಅನ್ನಿಸಿತ್ತು.

ಹತ್ತಿರದ ಗಂಡು

ಎಷ್ಟು ದೂರದೊಳಗಿನ ಗಂಡು ಬೇಕೆಂದು ಆ್ಯಪು ಕೇಳಿತು. ಬಸ್ಸಿನ ತಾಪತ್ರಯ ಬೇಡವೆಂದು ಹತ್ತು ಕಿಲೋಮೀಟರ್ ಎಂದೆ. ಮೊದಲು ಬಂದವನು ನಮ್ಮ ಹಾಲಿನ ಡೇರಿಯ ಸೆಕ್ರೆಟರಿ. ಅವನ ಹಿಂದೆ ಪಿಯುಸಿಯಲ್ಲಿ ಜೊತೆಗೆ ಓದಿದವನು. ಅವನ ಹೆಂಡತಿಯ ಸೀಮಂತದಲ್ಲಿ ನಾನೇ ಉಂಡು ಬಂದಿದ್ದೆ. ಆಮೇಲೆ ಬಂದವನು, ಹಿಂದೊಮ್ಮೆ ನಾನು ಬೇಡವೆಂದಿದ್ದ ಸ್ವಂತ ಅತ್ತೆ ಮಗ! ಗಾಬರಿಯಲ್ಲಿ ಬೆರಳು ಅತ್ತ ಹೋಗಬೇಕಾದ್ದು ಇತ್ತ ಜಾರಿ, ಅವನಿಗೆ ಒಪ್ಪಿಗೆ ಹೋಗಿಬಿಟ್ಟಿತು. ತಕ್ಷಣ ಮೆಸೇಜು ಬಂತು:

"ಮನೆ ಬಾಗ್ಲಿಗೆ ಬಂದಾಗ ಬ್ಯಾಡ ಅಂದ್ಬುಟ್ಟೆ. ಈಗ ಫೋನೊಳಗೆ ಉಡುಕ್ತಾ ಕುಂತಿದ್ದೀಯೇನಮ್ಮಿ?"

ದೋಸೆ ಬರುವಷ್ಟರಲ್ಲಿ

ದೂರ ಹೆಚ್ಚಿಸಿದೆ. ಬಾಗೂರು ಕಡೆಯ ಪಶುವೈದ್ಯನೊಬ್ಬ ಸಿಕ್ಕ. ಮಾತಿನಲ್ಲಿ ಮರ್ಯಾದಸ್ಥ. ಚನ್ನರಾಯಪಟ್ಟಣದ ಹೋಟೆಲೊಂದರಲ್ಲಿ ಭೇಟಿಯಾಗಿ, ದೋಸೆಗೆ ಹೇಳಿ ಕೂತೆವು. ನಮ್ಮ ಕಡೆ ಯಾವೂರು, ಯಾರ ಮನೆ ಎಂದು ಕೇಳದೆ ಯಾರೂ ನೀರು ಕೂಡ ಕುಡಿಯುವುದಿಲ್ಲವಲ್ಲ. ಅವನು ಕೇಳಿದ, ನಾನು ಹೇಳಿದೆ. ಅವನ ಮುಖ ಬಿಳಿಚಿತು. ಅವನ ಅಜ್ಜ ನಮ್ಮೂರಿನಿಂದಲೇ ಬಾಗೂರಿಗೆ ಹೋದವರು. ವರಸೆ ಹಿಡಿದು ನೋಡಿದರೆ ಅವನು ನಮ್ಮಪ್ಪನಿಗೆ ದಾಯಾದಿ ತಮ್ಮ. ದೋಸೆ ಬರುವಷ್ಟರಲ್ಲಿ ನನ್ನ ವರ ಚಿಕ್ಕಪ್ಪನಾಗಿದ್ದ. ನನಗಿಂತ ಚಿಕ್ಕವನು ಬೇರೆ!

ನನಗೆ ಅಳುವೇ ಬಂತು. ಅವನು ಮಾತ್ರ "ನೀವು" ಬಿಟ್ಟು "ನೀನು"ಗೆ ಇಳಿದಿದ್ದ. "ಅಳಬ್ಯಾಡ ಕಣವ್ವ, ತಿನ್ನು. ಎಲ್ಲಿ, ಆ ಫೋನ್ ಕೊಡಿಲ್ಲಿ" ಎಂದು ಈಸಿಕೊಂಡು ಗಂಡುಗಳನ್ನು ಒಬ್ಬೊಬ್ಬರಾಗಿ ನೋಡಿದ. "ಇವ್ನು ಕುಡೀತಾನೆ. ಇವ್ನಿಗೆ ಆಗ್ಲೇ ಮದ್ವೆಯಾಗದೆ. ಇವ್ನು ನೋಡು, ನನ್ ಜೊತೆ ಆಸ್ಟೆಲಲ್ಲಿದ್ದ. ಒಳೆನರಸೀಪುರದಲ್ಲಿ ಮೆಡಿಕಲ್ ಶಾಪ್ ಮಡಗವ್ನೆ. ಚಿನ್ನದಂತೋನು." ಹೇಳಿದ್ದಷ್ಟೇ ಅಲ್ಲ, ನನ್ನನ್ನು ಕೇಳದೆ ತಾನೇ ಒಪ್ಪಿಗೆ ಕಳಿಸಿಬಿಟ್ಟ. ಬಿಲ್ಲು ಕೊಟ್ಟು ಎದ್ದವನು ಧೈರ್ಯ ಹೇಳಿದ:

"ಅವ್ನೇನಾದ್ರೂ ಆಟ ಕಟ್ಟುದ್ರೆ ನಂಗೇಳು. ದನಕ್ಕಾಕೋ ಸೂಜಿ ನನ್ನತ್ರ ಅದೆ."

ಎಲೆ ಅಡಿಕೆ

ಮೆಡಿಕಲ್ ಶಾಪಿನವನು ಚಿನ್ನದಂಥವನೇ. ಒಂದು ವರ್ಷ ಹಾಸನದಲ್ಲೆಲ್ಲ ಸುತ್ತಿದೆವು, ದೊಡ್ಡಗದ್ದವಳ್ಳಿ ಗುಡಿಯ ಹೊರಗೆ ಕೂತು ಕಡಲೆಕಾಯಿ ತಿಂದೆವು. ಮದುವೆಯ ಮಾತೆತ್ತಿದರೆ ಮಾತ್ರ "ನೋಡೋಣ" ಅನ್ನುತ್ತಿದ್ದ. ನನಗೆ ಅವನೇ ಬೇಕಿತ್ತು. ಆದರೆ "ನೋಡೋಣ"ವನ್ನು ಕಟ್ಟಿಕೊಂಡು ಎಷ್ಟು ದಿನ ಬಾಳುವುದು? "ಒಂದ್ಸಲ ಬಂದು ಅಮ್ಮನ್ನ ಮಾತಾಡಿಸಿ. ಆಮೇಲೂ ನೋಡೋಣ ಅಂದ್ರೆ ಇಲ್ಲಿಗೇ ಬಿಟ್ಬಿಡೋಣ" ಎಂದುಬಿಟ್ಟೆ.

ಬಂದ. ಹಾಸ್ಟೆಲಿನಲ್ಲೇ ಬೆಳೆದ ಗಂಡು, ಶಾಸ್ತ್ರ ಸಂಪ್ರದಾಯ ಒಂದೂ ತಿಳಿಯದು. ಬರಿಗೈಯಲ್ಲಿ ಹೋಗಬಾರದೆಂದು ಪೇಟೆಯ ಹೂವಿನವಳನ್ನು "ಹೆಣ್ಣಿನ ಮನೆಗೆ ಏನು ತಗೊಂಡು ಹೋಗ್ಬೇಕು?" ಎಂದು ಕೇಳಿದನಂತೆ. ಅವಳು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಮಲ್ಲಿಗೆ ಜೋಡಿಸಿಕೊಟ್ಟಿದ್ದಾಳೆ. ನಮ್ಮಲ್ಲಿ ಗಂಡು ಅದನ್ನು ತಂದು ಹೆಣ್ಣಿನ ತಾಯಿ ಈಸಿಕೊಂಡಳೆಂದರೆ ಮದುವೆ ಗೊತ್ತಾದಂತೆಯೇ.

ಅಮ್ಮ ಸೆರಗೊಡ್ಡಿ ಈಸಿಕೊಂಡೇಬಿಟ್ಟಳು. ಪಕ್ಕದ ಮನೆಯವರು "ಎಲೆ ಅಡ್ಕೆ ಆಯ್ತಂತೆ ಕಣ್ರೋ!" ಎಂದು ಬಂದು ಸಕ್ಕರೆ ಹಂಚಿದರು. ಆಗ ಅವನಿಗೆ ಹೊಳೆಯಿತು. ತಪ್ಪಾಯಿತೆಂದು ಅವನೊಂದು ಮಾತು ಅಂದರೆ ಎಲ್ಲ ಮುಗಿದಂತೆ. ಅವನು ನನ್ನ ಮುಖ ನೋಡಿದ. ಸಕ್ಕರೆ ಬಾಯಿಗೆ ಹಾಕಿಕೊಂಡು, "ಸೋಮವಾರ ನಮ್ಮಕ್ಕ ಭಾವನ್ನ ಕರ್ಕೊಂಡು ಬತ್ತೀನಮ್ಮ" ಅಂದ.

ಈಗ ಊಟಕ್ಕೆ ದಿನಾ ಎದುರಿಗೆ ಕೂರುತ್ತಾನೆ. ಆ ಆ್ಯಪಿಗೆ, ಆ ಚಿಕ್ಕಪ್ಪನಿಗೆ, ನಾನು ಮುಖವನ್ನೇ ಕಾಣದ ಆ ಹೂವಿನವಳಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಮೊನ್ನೆ ಅಮ್ಮನಿಗೆ, "ಪಾಪ, ಅವರು ಅವತ್ತು ತಿಳೀದೆ ತಂದಿದ್ರಂತೆ ಕಣಮ್ಮ" ಎಂದೆ.

ಹುರುಳಿಕಾಳು ಆರಿಸುತ್ತಿದ್ದ ಅಮ್ಮ ತಲೆಯನ್ನೂ ಎತ್ತಲಿಲ್ಲ.

"ನಂಗೊತ್ತಿಲ್ವಾ? ಅವ್ನು ತಟ್ಟೆ ಇಡ್ಕಂಡಿದ್ದುದ್ ನೋಡುದ್ರೇ ಗೊತ್ತಾಯ್ತಿತ್ತು. ಅದ್ಕೇ ಕಣೇ, ಯಾರಾದ್ರೂ ಅವ್ನಿಗೆ ತಿಳಿಸೋಕ್ ಮುಂಚೆ ಓಡ್ಬಂದು ಸೆರಗೊಡ್ಡಿದ್ದು!"