ಸೂಜಿಯಣ್ಣನ ಮೂರು ನಿಮಿಷ

ಸೂಜಿಯಣ್ಣ ತಯಾರಿಸಿದ ಅರ್ಜಿ ನಮೂನೆಯಲ್ಲಿ ಒಂದೇ ಒಂದು ಅಂಕಣ ಬಿಟ್ಟುಹೋಗಿತ್ತು. ಹೆಸರು, ಬಲ್ಲ ಕಲೆ, ಎಷ್ಟು ವರ್ಷದ ಅಭ್ಯಾಸ, ವೇದಿಕೆಯ ಮೇಲೆ ಎಷ್ಟು ನಿಮಿಷ ಬೇಕು, ಎಲ್ಲವನ್ನೂ ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದ. ಸುಮ್ಮನೆ ಕೂತು ನೋಡುವವರೂ ಬೇಕಾಗುತ್ತಾರೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಬಡಾವಣೆಗೆಲ್ಲ ಅವನು ಸೂಜಿಯಣ್ಣ. ಮುಚ್ಚಿಹೋದ ಐಸ್ ಫ್ಯಾಕ್ಟರಿಯನ್ನು ಕಲಾಕೇಂದ್ರ ಮಾಡಲು ಬಡಾವಣೆಯವರು ಸಮಿತಿ ಕಟ್ಟಿದಾಗ ಅವನು ಕಾರ್ಯದರ್ಶಿಯಾದದ್ದು ಕಲೆಯ ಉದ್ಧಾರಕ್ಕಲ್ಲ, ತನ್ನ ಕೊಳಲಿನ ಸಲುವಾಗಿ. ಎಂಟು ವರ್ಷದಿಂದ ಕಲಿಯುತ್ತಿದ್ದ. ಮನೆಯಲ್ಲಿ ಊದಕೂಡದೆಂದು ಹೆಂಡತಿಯ ಕಟ್ಟಪ್ಪಣೆ, ಹಾಗಾಗಿ ಲ್ಯಾಬಿನ ಫ್ರಿಜ್ಜಿನ ಪಕ್ಕ ನಿಂತು ಊದುತ್ತಿದ್ದ. ಅದನ್ನು ಕೇಳಿಯೂ ರಕ್ತದ ಮಾದರಿಗಳು ಕೆಡದೆ ಉಳಿದದ್ದೇ ತನ್ನ ಸಾಧನೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಹೆಂಡತಿ ಒಂದು ಮಾತು ಕೊಟ್ಟಿದ್ದಳು: ಸರಿಯಾದ ಸಭಾಂಗಣದಲ್ಲಿ ವೇದಿಕೆ ಹತ್ತಿ ನುಡಿಸಿದ ದಿನ, ಕೊನೆಯತನಕ ಕೂತು ಕೇಳುತ್ತೇನೆ ಎಂದು.

ಆ ದಿನ ಬೆಳಿಗ್ಗೆ ಎಂಟಕ್ಕೆ ಪುರಸಭೆಯಿಂದ ಫೋನು ಬಂತು. ಎರಡು ಗಂಟೆಗೆ ಅಧಿಕಾರಿ ಪರಿಶೀಲನೆಗೆ ಬರುತ್ತಾರೆ, ನಲವತ್ತು ಜನ ಪ್ರೇಕ್ಷಕರಾದರೂ ಕೂತಿರಬೇಕು, ಇಲ್ಲದಿದ್ದರೆ ಕಟ್ಟಡ ಟೈರ್ ಗೋದಾಮಿಗೆ ಹೋಗುತ್ತದೆ. ಸೂಜಿಯಣ್ಣ ಫೈಲು ಬಿಚ್ಚಿ ಎಣಿಸಿದ. ಅವನದೂ ಸೇರಿ ನಲವತ್ತೆರಡು ಅರ್ಜಿ. ನಲವತ್ತೆರಡೂ ಕಲಾವಿದರು.

ಲ್ಯಾಬಿಗೆ ಮೊದಲು ಬಂದವರು ಪಕ್ಕದ ಬೀದಿಯ ದರ್ಜಿ. ಸೂಜಿ ತೋಳಿನಲ್ಲಿದ್ದಾಗ, ಮಧ್ಯಾಹ್ನ ಬಂದು ಕೂತು ನೋಡುತ್ತೀರಾ ಎಂದು ಕೇಳಿದರೆ ಖಂಡಿತ ಎಂದರು. ಸೂಜಿ ಹೊರಗೆ ಬಂದು ಹತ್ತಿ ಒತ್ತಿದ ಮೇಲೆ, ತಮಗೂ ಒಂದು ಏಕಪಾತ್ರಾಭಿನಯ ಬರುತ್ತದೆ ಎಂದು ನಮೂನೆ ಕೇಳಿ ಪಡೆದರು. ಆಮೇಲೆ ಸಲೂನಿಗೆ ಹೋಗಿ ಕೇಳಿದರೆ, ಸಲೂನಿನವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೇ ಬಂದ.

"ನೋಡೋದಕ್ಕೆ ಟಿವಿ ಇದೆಯಲ್ಲಣ್ಣ. ಅದಕ್ಕೆ ಅಂತ ಬೇರೆ ಕಟ್ಟಡ ಯಾಕೆ?" ಎಂದು ಅವನೂ ಒಂದು ನಮೂನೆ ತೆಗೆದುಕೊಂಡ. ಅರ್ಧ ಗಡ್ಡದವನೂ ಒಂದು ತೆಗೆದುಕೊಂಡ. ಹನ್ನೆರಡರ ಹೊತ್ತಿಗೆ ಪ್ರೇಕ್ಷಕರು ಒಬ್ಬರೂ ಸಿಕ್ಕಿರಲಿಲ್ಲ, ಕಲಾವಿದರು ಮೂವರು ಹೆಚ್ಚಾಗಿದ್ದರು. ಸಮಿತಿಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ ದೊಡ್ಡ ಟೀಚರ್, ತಮ್ಮ ಕೈಗೂ ಯಾರೋ ಒಂದು ಅರ್ಜಿ ಕೊಟ್ಟುಹೋದರೆಂದು ಮಡಚಿ ಇಟ್ಟುಕೊಂಡರು. ಅಲ್ಲಿಗೆ ನಲವತ್ತಾರು.

ಆಗ ಸೂಜಿಯಣ್ಣನಿಗೆ ದಿವ್ಯವಾದ ಉಪಾಯ ಹೊಳೆಯಿತು.

"ಟೀಚರ್, ಒಬ್ಬರು ವೇದಿಕೆ ಮೇಲಿದ್ರೆ ಉಳಿದ ನಲವತ್ತೈದು ಜನ ಕುರ್ಚೀಲಿ ತಾನೆ ಇರ್ತಾರೆ? ಅವರೇ ಪ್ರೇಕ್ಷಕರು."

ದೊಡ್ಡ ಟೀಚರ್ ಬೆನ್ನು ತಟ್ಟಿದರು. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದು ನಿಗದಿ ಮಾಡಿದರು. "ನೀನು ನಮ್ಮವನಲ್ವೇನಪ್ಪಾ, ಕೊನೆಗೆ ಬಾ" ಎಂದರು.

ಸೂಜಿಯಣ್ಣ ವಿಜ್ಞಾನದ ಪದವೀಧರ. ಆದರೂ ಅವನ ಲೆಕ್ಕ ಮೊದಲ ಮೂರು ನಿಮಿಷಕ್ಕೆ ಮಾತ್ರ ಸರಿಯಿತ್ತು. ಅಧಿಕಾರಿ ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮೊದಲನೆಯವರು ಹಾಡಿ ಇಳಿದು, ನೇರ ಬಾಗಿಲಿಂದ ಹೊರಗೆ ಹೋದರು. ಎರಡನೆಯವರು ಕುಣಿದು ಇಳಿದು, ಮೊದಲನೆಯವರ ಬಳಿ ತಾನು ಹೇಗೆ ಕುಣಿದೆ ಎಂದು ಕೇಳಲು ಹೋದರು. ಮುಗಿಸಿದವರೆಲ್ಲ ಅಂಗಳದಲ್ಲಿ ನಿಂತು ಪರಸ್ಪರ ತಮ್ಮ ಬಗ್ಗೆಯೇ ಮಾತಾಡುತ್ತಿದ್ದರು. ಮೂರು ನಿಮಿಷಕ್ಕೊಂದರಂತೆ ಕುರ್ಚಿಗಳು, ಬೇಸಗೆಯಲ್ಲಿ ಹೊರಗಿಟ್ಟ ಐಸಿನ ಹಾಗೆ ಕರಗತೊಡಗಿದವು.

ಅಧಿಕಾರಿ ಹಿಂತಿರುಗಿ ನೋಡದಂತೆ ಮಾಡಬೇಕಿತ್ತು. ಸೂಜಿಯಣ್ಣ ಬಗ್ಗಿಕೊಂಡು ಎಡಮೂಲೆಗೆ ಓಡಿ ಚಪ್ಪಾಳೆ ತಟ್ಟಿದ, ಬಲಮೂಲೆಗೆ ಓಡಿ ತಟ್ಟಿದ, ನಡುವೆ ಹೆಂಗಸರ ದನಿಯಲ್ಲಿ "ವಾಹ್" ಎಂದ. ಚಳಿ ಹೊರಹೋಗದಂತೆ ಗೋಡೆಗೆ ಹೊದಿಸಿದ್ದ ದಪ್ಪ ಬೆಂಡು ಶಬ್ದವನ್ನೂ ನುಂಗುತ್ತಿತ್ತು. ಪ್ರತಿ ಚಪ್ಪಾಳೆಯನ್ನೂ ಎರಡು ಸಲ ತಟ್ಟಬೇಕಾಯಿತು.

ಮೂವತ್ತೊಂದನೆಯದು ಅನುಕರಣೆ. ವೇದಿಕೆ ಹತ್ತಿದವಳು ಅವನ ಹೆಂಡತಿ. ದೊಡ್ಡ ಟೀಚರ್ ಮಡಚಿ ಇಟ್ಟುಕೊಂಡ ಅರ್ಜಿ ಯಾರದೆಂದು ಆಗ ತಿಳಿಯಿತು. ಅವಳು ಬರಿಗೈಯಲ್ಲಿ ಕೊಳಲು ಹಿಡಿದವಳಂತೆ ನಿಂತು, ಕೆನ್ನೆ ಉಬ್ಬಿಸಿ, ಬಾಯಲ್ಲೇ ಗಂಡನ ಎಂಟು ವರ್ಷದ ಅಭ್ಯಾಸವನ್ನು ನುಡಿಸಿದಳು. ತಪ್ಪುವ ಸ್ವರ, ನಡುವಿನ ಕೆಮ್ಮು, ಮತ್ತೆ ಮೊದಲಿಂದ ಶುರು ಮಾಡುವುದು, ಒಂದನ್ನೂ ಬಿಡಲಿಲ್ಲ. ಅವನೂ ಸೇರಿ ಉಳಿದಿದ್ದ ಹದಿನೈದು ಮಂದಿ ಕುರ್ಚಿಯಿಂದ ಬೀಳುವಂತೆ ನಕ್ಕರು. ಅಸಲಿಗಿಂತ ಶ್ರುತಿ ಚೆನ್ನಾಗಿತ್ತು ಎಂಬುದನ್ನು ಅವನೂ ಒಪ್ಪಬೇಕಾಯಿತು.

ನಲವತ್ತೈದನೆಯವರು ಇಳಿದು ಹೊರಟಾಗ ಒಳಗೆ ಉಳಿದವರು ಇಬ್ಬರೇ. ಸೂಜಿಯಣ್ಣ ಕೊಳಲನ್ನು ಚೀಲದಿಂದ ತೆಗೆದ. ಕೊಟ್ಟ ಮಾತಿನಂತೆ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು.

"ಕೂತ್ಕೊಳ್ಳಿ" ಎಂದರು ಅಧಿಕಾರಿ, ಹಿಂತಿರುಗದೆಯೇ.

"ಸರ್, ನನ್ನದೊಂದು ಬಾಕಿ ಇದೆ. ಬರೀ ಮೂರು ನಿಮಿಷ."

"ಎಡಗಡೆ, ಬಲಗಡೆ, ಹಿಂದೆ, ಎಲ್ಲಾ ಕಡೆಯಿಂದ್ಲೂ ಒಂದೇ ಕೈ. ನಾನೇನು ಕಿವುಡನಾ?"

ಸೂಜಿಯಣ್ಣ ಕುಸಿದು ಕೂತ. ಕಣ್ಣಮುಂದೆ ಟೈರುಗಳು ರಾಶಿ ರಾಶಿಯಾಗಿ ಉರುಳಿದವು. ಅಧಿಕಾರಿ ಚರ್ಮದ ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಅದು ಅವನೇ ಸ್ಕೇಲಿಟ್ಟು ಎಳೆದ ನಮೂನೆ. ಕಲೆ: ಹಾಡುಗಾರಿಕೆ. ಅಭ್ಯಾಸ: ಇಪ್ಪತ್ತು ವರ್ಷ. ಬೇಕಾದ ಸಮಯ: ನಲವತ್ತು ನಿಮಿಷ.

"ಎರಡು ಗಂಟೆಯಿಂದ ಗಮನಿಸ್ತಾ ಇದೀನಿ. ಒಂದು ಸಲಾನೂ ಆಕಳಿಸಲಿಲ್ಲ ನೀವು" ಎಂದರು ಅವರು. ದನಿ ಮೆತ್ತಗಾಗಿತ್ತು. "ನಮ್ಮ ಮನೇಲೂ ಯಾರೂ ಕೇಳಲ್ಲ."

ನಲವತ್ತು ಎಂದು ಬರೆದಿದ್ದರೂ ಐವತ್ತೈದು ನಿಮಿಷ ಹಾಡಿದರು. ಆಮೇಲೆ ಅಲ್ಲೇ ಕೂತು ಆದೇಶ ಬರೆದರು. ಅಂಗಳದಲ್ಲಿ ದೊಡ್ಡ ಟೀಚರ್ ಅದನ್ನು ಗಟ್ಟಿಯಾಗಿ ಓದಿದರು: "ಕಲಾಕೇಂದ್ರಕ್ಕೆ ಅನುಮತಿ ನೀಡಿದೆ. ಪ್ರೇಕ್ಷಕರ ಸಂಖ್ಯೆ ಕಡಿಮೆಯಿದ್ದರೂ ಗುಣಮಟ್ಟ ತೃಪ್ತಿಕರ. ಸದರಿ ಪ್ರೇಕ್ಷಕರಾದ ಕಾರ್ಯದರ್ಶಿಯವರು ಪ್ರತಿ ಕಾರ್ಯಕ್ರಮಕ್ಕೂ ಆಸನದಲ್ಲಿ ಹಾಜರಿರತಕ್ಕದ್ದು, ಯಾವುದೇ ಕಾರಣಕ್ಕೂ ವೇದಿಕೆ ಹತ್ತತಕ್ಕದ್ದಲ್ಲ."

ನಲವತ್ತೈದು ಕಲಾವಿದರೂ ಸೂಜಿಯಣ್ಣನಿಗೆ ಚಪ್ಪಾಳೆ ತಟ್ಟಿದರು. ಅವರು ಬೇರೆಯವರಿಗೆ ತಟ್ಟಿದ ಮೊದಲ ಚಪ್ಪಾಳೆ ಅದು.

ಮನೆಗೆ ಹೋಗುವಾಗ ಹೆಂಡತಿ ಕೊಳಲಿನ ಚೀಲವನ್ನು ತಾನೇ ಹಿಡಿದುಕೊಂಡಳು.

"ನಾನು ಕೊಟ್ಟ ಮಾತಿಗೆ ತಪ್ಪೋಳಲ್ಲ ಕಣ್ರೀ. ನೀವು ಆ ವೇದಿಕೆ ಹತ್ತಿದ ದಿನ ಕೊನೇತನಕ ಕೂತು ಕೇಳ್ತೀನಿ."

ಹಾಗೆಂದು ತುಟಿಯಲ್ಲೇ ಕೊಳಲು ನುಡಿಸುತ್ತ ಮುಂದೆ ನಡೆದಳು. ಶ್ರುತಿ ಎಲ್ಲೂ ತಪ್ಪಲಿಲ್ಲ. ಹಿಂದೆ ಬರುತ್ತಿದ್ದ ಸೂಜಿಯಣ್ಣ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದ.