ಬೆಳಿಗ್ಗೆ ಇಲ್ಲದ ಕಾಯಿಲೆ

ಒಳ್ಳೆಯ ಡಾಕ್ಟರನ್ನು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಹೊಳೆನರಸೀಪುರದಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹಾಗಾಗಿ ಲೋಕದ ಯಾವ ಕಷ್ಟಕ್ಕೂ ನನ್ನ ಬಳಿ ಸೂತ್ರ ಸಿದ್ಧವಿರುತ್ತಿತ್ತು. ವೈದ್ಯರ ವಿಷಯದಲ್ಲಿ ಎರಡು ಸೂತ್ರ. ಒಂದು, ಅನುಭವವೆಂಬುದು ತಲೆಯ ಬಿಳಿಕೂದಲಿನಲ್ಲಿರುತ್ತದೆ. ಎರಡು, ಡಾಕ್ಟರ ಬಳಿಗೆ ಬೆಳಿಗ್ಗೆಯೇ ಹೋಗಬೇಕು. ಹತ್ತು ಜನರ ನಾಲಿಗೆ ನೋಡಿದ ಮೇಲೆ ಅವರ ಬುದ್ಧಿ ಕದಡಿಹೋಗಿರುತ್ತದೆ. ಈ ಸೂತ್ರಗಳಿಂದ ಹೆಂಡತಿಯ ಪ್ರಾಣಕ್ಕೇ ಸಂಚಕಾರ ತರುತ್ತಿದ್ದೇನೆಂದು ತಿಳಿಯಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಗಿರಿಜೆಯ ಕಾಯಿಲೆ ವಿಚಿತ್ರವಾದದ್ದು. ಬೆಳಿಗ್ಗೆ ಅವಳಿಗೆ ಏನೂ ಇರುತ್ತಿರಲಿಲ್ಲ. ಸಂಜೆ ನಾನು ಸ್ಕೂಲಿನಿಂದ ಬಂದು, ಹೆಡ್‌ಮಾಸ್ಟರ ಬಾಯಿ ಹೇಗೆ ಮುಚ್ಚಿಸಿದೆ ಎಂದು ಬಣ್ಣಿಸಲು ಕೂತರೆ ಅವಳ ಎಡಗಣ್ಣಿನ ರೆಪ್ಪೆ ಮೆಲ್ಲಗೆ ಇಳಿದುಬಿಡುತ್ತಿತ್ತು. ಅದನ್ನು ಅಸಡ್ಡೆ ಎಂದುಕೊಂಡು ಎರಡು ತಿಂಗಳು ಮುನಿಸಿಕೊಂಡೆ. ಆಮೇಲೆ ಅವಳ ದನಿ ಮೂಗಿನಿಂದ ಬರತೊಡಗಿತು. ಒಂದು ಸಂಜೆ ನನ್ನನ್ನೇ ದಿಟ್ಟಿಸಿ, "ರೀ, ನೀವು ಇಬ್ಬರು ಕಾಣ್ತಾ ಇದ್ದೀರಿ. ಒಬ್ಬರನ್ನ ತಡ್ಕೊಳೋದೇ ಕಷ್ಟವಾಗಿತ್ತು" ಅಂದಳು.

ನಗುವ ಕಾಯಿಲೆಯಲ್ಲ ಅದು. ಮಗಳಿಗೆ ಜಡೆ ಹೆಣೆಯಲು ಎತ್ತಿದ ಕೈ ಅರ್ಧದಲ್ಲೇ ಸೋತು ಕೆಳಗೆ ಬೀಳುತ್ತಿತ್ತು. ಒಂದು ದಿನ ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿ ಅವಳು ಉಸಿರಿಗಾಗಿ ಒದ್ದಾಡಿದಳು. ಬೆನ್ನು ತಟ್ಟಿ ತಟ್ಟಿ ಹೇಗೋ ಉಳಿಸಿಕೊಂಡೆ. ಮಾರನೆಯ ದಿನದಿಂದಲೇ ಅನುಭವಸ್ಥ ಡಾಕ್ಟರ ಶೋಧ ಆರಂಭವಾಯಿತು.

ಊರಿನ ಡಾಕ್ಟರ ತಲೆ ಕಪ್ಪು. ಸೂತ್ರದ ಪ್ರಕಾರ ಅನರ್ಹರು. ಹತ್ತಿರದಲ್ಲಿದ್ದಾರಲ್ಲ ಎಂಬ ಒಂದೇ ರಿಯಾಯಿತಿಯ ಮೇಲೆ ಅವರಲ್ಲಿಗೆ ಹೋದೆವು, ಬೆಳಿಗ್ಗೆ ಏಳು ಗಂಟೆಗೆ. ಕಾಂಪೌಂಡರ್ ಇನ್ನೂ ಡಾಕ್ಟರ್ ಷಾಪಿನ ಕಸ ಗುಡಿಸುತ್ತಿದ್ದ. ಡಾಕ್ಟರು ಟಾರ್ಚು ಬಿಟ್ಟರೆ ಗಿರಿಜೆಯ ಎರಡು ಕಣ್ಣೂ ಬಟ್ಟಲಿನಂತೆ ಅಗಲ ತೆರೆದಿದ್ದವು! ಏನೂ ಕಾಣುತ್ತಿಲ್ಲವೆಂದು ಟಾನಿಕ್ ಕೊಟ್ಟು, ತೊಂದರೆ ಆಗುವ ಹೊತ್ತಿಗೇ ಒಮ್ಮೆ ಕರೆತನ್ನಿ ಎಂದರು. ದೀಪ ಹಚ್ಚುವ ಹೊತ್ತಿನಲ್ಲಿ ಡಾಕ್ಟರ ಬಳಿ ಹೋಗುವುದೇ! ಹುಡುಗು ಡಾಕ್ಟರೆಂದು ಮರುಕಪಟ್ಟು ಹಿಂದಿರುಗಿದೆ.

ಮುಂದಿನ ಸವಾರಿ ಅರಕಲಗೂಡಿಗೆ. ಅಲ್ಲಿನ ಪಂಡಿತರಿಗೆ ತಲೆಯಷ್ಟೇ ಅಲ್ಲ, ಕಿವಿಯೊಳಗಿನ ಕೂದಲೂ ಬೆಳ್ಳಗಿತ್ತು. ಮೊದಲನೇ ಬಸ್ಸಿಗೇ ಹೋಗಿ ಅವರೆದುರು ಕೂತೆವು. ಗಿರಿಜೆ ಆಗಲೂ ಲವಲವಿಕೆಯಿಂದ ಇದ್ದಳು. ಬೇರೆ ದಾರಿ ಕಾಣದೆ ರೋಗಲಕ್ಷಣವನ್ನು ನಾನೇ ಅಭಿನಯಿಸಿ ತೋರಿಸಿದೆ. ಎಡಗಣ್ಣು ಇಳಿಬಿಟ್ಟೆ, ದವಡೆ ಜೋತುಬಿಟ್ಟೆ, ಮೂಗಿನಲ್ಲಿ ಮಾತಾಡಿದೆ. ಪಂಡಿತರು ಗಂಭೀರವಾಗಿ ನನ್ನ ನಾಡಿ ಹಿಡಿದರು. ಗಂಡಹೆಂಡಿರು ಒಂದೇ ದೇಹವೆಂಬ ಶಾಸ್ತ್ರವಿರಬೇಕೆಂದು ನಾನೂ ಭಕ್ತಿಯಿಂದ ಕೈ ಕೊಟ್ಟೆ. ಅವರು ಗಿರಿಜೆಯ ಕಡೆ ತಿರುಗಿ, "ಪಿತ್ತ ನೆತ್ತಿಗೇರೈತೆ ಕಣಮ್ಮ ಮೇಷ್ಟ್ರಿಗೆ. ಒಬ್ಬರನ್ನೇ ಎಲ್ಲಿಗೂ ಕಳಿಸಬ್ಯಾಡ" ಎಂದು ಒಂದು ಹಿಡಿ ಚೂರ್ಣವನ್ನು ಅಲ್ಲೇ ನನ್ನ ಬಾಯಿಗೆ ಸುರಿದರು.

ವಾಪಸು ಬರುವಾಗ ನನ್ನ ಸಲುವಾಗಿ ಬಸ್ಸನ್ನು ಮೂರು ಕಡೆ ನಿಲ್ಲಿಸಬೇಕಾಯಿತು. "ಮೇಷ್ಟ್ರು ಕುಂತಿದ್ದಕ್ಕಿಂತ ಇಳಿದಿದ್ದೇ ಜಾಸ್ತಿ ಆಯ್ತು ಕಣಕ್ಕ" ಎಂದು ಕಂಡಕ್ಟರ್ ಗಿರಿಜೆಗೆ ಹೇಳಿದ. ಅವಳು ನಕ್ಕಳು. ಆ ಮಧ್ಯಾಹ್ನದ ನಗು ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಏಕೆಂದರೆ ಸಂಜೆಗೆ ಅವಳಿಗೆ ನಗಲೂ ಆಗುತ್ತಿರಲಿಲ್ಲ. ತುಟಿ ಎತ್ತಲು ಬಲ ಸಾಲದು.

ಕೊನೆಗೆ ಪೋಸ್ಟ್ ಮಾಸ್ಟರೊಬ್ಬರು ಹಾಸನದಲ್ಲಿ ಷಾಪು ಇಟ್ಟಿದ್ದ ಮಿಲಿಟರಿ ಡಾಕ್ಟರ ಸುದ್ದಿ ತಂದರು. ಯುದ್ಧ ಕಂಡವರು, ಕಾಣದ ರೋಗವಿಲ್ಲ, ತಲೆ ಹತ್ತಿಯ ಹಾಗೆ. ಮರುದಿನ ಆರು ಗಂಟೆಗೇ ನಾವು ಬಸ್ ಸ್ಟ್ಯಾಂಡಿನಲ್ಲಿದ್ದೆವು. ಹೋಟೆಲಿನ ಮುಂದೆ ನಿಲ್ಲುವುದೇ ಹಾಸನದ ಬಸ್ಸು. ಬೋರ್ಡು ಓದುವುದು ಹೊಸಬರ ಕೆಲಸ. ಹತ್ತಿ ಕೂತು, ಪಕ್ಕದವರಿಗೆ ಡಾಕ್ಟರನ್ನು ಆರಿಸುವ ವಿಧಾನ ಬೋಧಿಸುತ್ತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗೆ ಸಾ?" ಅಂದ. ಮಾತು ತುಂಡಾಗದಿರಲೆಂದು, "ಕೊನೇವರೆಗೂ ಎರಡು ಕೊಡಪ್ಪ" ಅಂದೆ.

ಬಸ್ಸಿನ ಕೊನೆ ಚನ್ನರಾಯಪಟ್ಟಣವಾಗಿತ್ತು.

ಇಳಿದು ದಿಕ್ಕು ತೋಚದೆ ನಿಂತೆ. ಆಮೇಲೆ ಗಿರಿಜೆಯ ಮೇಲೆ ರೇಗಿದೆ. ಅವಳ ತೌರು ಅಲ್ಲೇ ಆಚೆ ಬಾಗೂರು; ಅವಳಿಗೆ ದಾರಿಯ ಒಂದೊಂದು ಮರವೂ ಗೊತ್ತು. ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಕೊನೇ ಸಲ ಅವ್ವನ್ನ ತೋರಿಸ್ಕೊಂಡು ಬರೋಣ ಅಂತ ಕರ್ಕೊಂಡು ಬಂದಿರಿ ಅಂದ್ಕೊಂಡೆ" ಅಂದಳು. "ಅದಕ್ಕೇ ಕೇಳಲಿಲ್ಲ."

ಒಂದು ವರ್ಷ ಅವಳು ಸಾವನ್ನು ಮನಸ್ಸಿನಲ್ಲಿಟ್ಟುಕೊಂಡು ನನಗೆ ಬಡಿಸಿದ್ದಳು. ನಾನು ಬಿಳಿಕೂದಲು ಎಣಿಸುತ್ತಿದ್ದೆ. ಅವಳ ಕೈಯಿಂದ ಚೀಲ ತೆಗೆದುಕೊಂಡು ಬಾಗೂರಿನ ಬಸ್ಸು ಯಾವುದೆಂದು ಕೇಳಿದೆ. ಅತ್ತೆಯವರು ಗಿರಿಜೆಯ ಕೆನ್ನೆ ಸವರಿ, ಗಂಟಲಿಗೆ ಹಗುರವೆಂದು ಶಾವಿಗೆ ಪಾಯಸ ಮಾಡಿ, ತಾವೇ ಚಮಚದಿಂದ ಕುಡಿಸಿದರು. ನಾನು ಜಗಲಿಯಲ್ಲಿ ಕೂತು ಯಾರಿಗೂ ಕಾಣದಂತೆ ಅತ್ತುಬಿಟ್ಟೆ. ಊಟದ ನಂತರ ಪಟ್ಟಣಕ್ಕೆ ಬಂದು, ಸಿಕ್ಕಿದ ಬಸ್ಸಿನ ಬೋರ್ಡನ್ನು ಎರಡು ಸಲ ಓದಿ, ಹಾಸನ ಸೇರುವಾಗ ದೀಪ ಹಚ್ಚುವ ಹೊತ್ತು.

ಡಾಕ್ಟರು ಬಾಗಿಲು ಎಳೆಯುತ್ತಿದ್ದರು. ಗಿರಿಜೆಯ ಮುಖ ಕಂಡು ಕೈ ಹಾಗೇ ನಿಂತಿತು. ಒಳಗೆ ಕರೆದು ಕೂರಿಸಿ, ಮೇಲೆ ನೋಡು ಅಂದರು, ರೆಪ್ಪೆ ಇಳಿಯಿತು. ಎಣಿಸು ಅಂದರು, ಇಪ್ಪತ್ತಕ್ಕೆ ದನಿ ಮೂಗಿಗೆ ಸೇರಿತು. ಒಂದು ಇಂಜೆಕ್ಷನ್ ಚುಚ್ಚಿ ಗಡಿಯಾರ ನೋಡುತ್ತ ಕೂತರು. ಕಾಲು ಗಂಟೆ ಕಳೆಯಿತು. ಆ ರೆಪ್ಪೆ, ಒಂದು ವರ್ಷದಿಂದ ಸಂಜೆ ಹೊತ್ತು ಮೇಲೇಳದಿದ್ದ ರೆಪ್ಪೆ, ಪರದೆ ಎತ್ತಿದ ಹಾಗೆ ಮೇಲೆ ಹೋಯಿತು!

ಕಾಯಿಲೆಗೆ ಅವರು ಹೇಳಿದ ಹೆಸರು ಮಯಸ್ತೇನಿಯ. ನಮ್ಮ ಮೈಯೇ ನಮ್ಮ ಮೇಲೆ ಹಗೆ ಸಾಧಿಸುವ ರೋಗವೆಂದು ಈಗೀಗ ಕೆಲವರು ಹೇಳುತ್ತಿದ್ದಾರಂತೆ. ತಮ್ಮ ಸರ್ವೀಸಿನಲ್ಲಿ ಇಂಥದ್ದನ್ನು ಒಂದೇ ಒಂದು ಕಂಡಿದ್ದರಂತೆ. ಮಾತ್ರೆ ಬಿಡದೆ ನುಂಗಿದರೆ ಸಂಸಾರ ಮಾಡಿಕೊಂಡಿರಬಹುದು ಅಂದರು. ನನಗೆ ಅಷ್ಟು ಸಾಕಾಗಿತ್ತು.

"ಬೆಳಿಗ್ಗೆ ಬಂದಿದ್ರೆ ನಾನೂ ಏನಿಲ್ಲಮ್ಮ ಅಂತ ಕಳಿಸಿಬಿಡ್ತಿದ್ದೆ" ಎಂದು ಡಾಕ್ಟರು ಚೀಟಿ ಬರೆಯುತ್ತ ತಲೆ ಎತ್ತಿದರು. "ಸಂಜೆ ಕರ್ಕೊಂಡು ಬರೋ ಬುದ್ಧಿ ಯಾರದ್ದು?"

ನಾನು ಕೋಟಿನ ಗುಂಡಿ ಹಾಕಿಕೊಂಡು ಗಂಟಲು ಸರಿಮಾಡಿಕೊಂಡೆ.

ಗಿರಿಜೆ ಎರಡೂ ಕಣ್ಣು ತೆರೆದು ನನ್ನನ್ನು ನೋಡಿದಳು. ಬಹಳ ದಿನಗಳ ಮೇಲೆ ದೀಪದ ಬೆಳಕಿನಲ್ಲಿ ನಾನು ಅವಳಿಗೆ ಒಬ್ಬನೇ ಕಂಡಿರಬೇಕು. "ಬುದ್ಧಿ ಏನಿಲ್ಲ ಸಾರ್" ಅಂದಳು, ಮೂಗಿನ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ. "ಇವರು ತಪ್ಪು ಬಸ್ಸು ಹತ್ತಿದ್ರು."