ದನದ ಡಾಕ್ಟ್ರಮ್ಮ ಕಳಿಸಿದ ಹಾಡು

ಒಂದು ಹಾಡು ಇಷ್ಟವಾಯಿತು ಅಂದರೆ ಅದನ್ನು ಇನ್ನೊಬ್ಬರ ಕಿವಿಗೆ ಹಾಕುವ ತನಕ ನನಗೆ ಸಮಾಧಾನವಿಲ್ಲ. ಹಾಕಿದ ಮೇಲೆ ಏನಾದರೊಂದು ಎಡವಟ್ಟು ಆಗದೆಯೂ ಇರುವುದಿಲ್ಲ. ನಾನು ದನದ ಡಾಕ್ಟರು. ಕೊರಟಗೆರೆ, ಸಿರಾ, ಪಾವಗಡ ಅಂತ ವರ್ಗವಾಗುತ್ತಾ ಆಗುತ್ತಾ ಈಗ ಮಧುಗಿರಿಯಲ್ಲಿದ್ದೇನೆ. ಸಿನಿಮಾದವರ ಹಂಗಿಲ್ಲದೆ ತಾವೇ ಬರೆದು, ತಾವೇ ಹಾಡಿ ಮೊಬೈಲಿಗೆ ಬಿಡುವ ಹುಡುಗ ಹುಡುಗಿಯರ ಇಂಡೀ ಹಾಡುಗಳೆಂದರೆ ನನಗೆ ಪ್ರಾಣ. ಹಳ್ಳಿಗಳಲ್ಲಿ ಹೆಂಗಸರು ಹೇಳುವ ಪದಗಳೆಂದರೆ ಅದಕ್ಕಿಂತ ಒಂದು ತೂಕ ಹೆಚ್ಚು. ಇವರ ಹಾಡು ಅವರಿಗೆ, ಅವರ ಪದ ಇವರಿಗೆ ದಾಟಿಸುವುದು ನನ್ನ ಎರಡನೇ ಡ್ಯೂಟಿ. ಮೊದಲನೇ ಡ್ಯೂಟಿಯಲ್ಲಿ ಒದೆ ತಿಂದದ್ದು ಕಡಿಮೆ.

ಕೊಳಾಲದ ಎಮ್ಮೆ

ಕೊಳಾಲದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸಿನ ಎಮ್ಮೆಯ ಕರು ಸತ್ತುಹೋಗಿತ್ತು. ಕೆಚ್ಚಲು ಬಿಗಿದುಕೊಂಡಿದ್ದರೂ ಎಮ್ಮೆ ಹಾಲು ಇಳಿಸುತ್ತಿರಲಿಲ್ಲ. ಕೈ ಇಟ್ಟರೆ ಪಕ್ಕಕ್ಕೆ ಸರಿದು, ಕರು ಕಟ್ಟುತ್ತಿದ್ದ ಗೂಟದ ಕಡೆ ತಿರುಗಿ ಕೂಗುತ್ತಿತ್ತು. ಅದು ಕೂಗಿದಾಗಲೆಲ್ಲ ಈ ಹೆಂಗಸೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಕಾಯಬೇಕಲ್ಲ ಅಂತ ಕೊಟ್ಟಿಗೆಯ ಕಟ್ಟೆ ಮೇಲೆ ಕೂತೆ. ಆಕೆಯ ಮನಸ್ಸಾದರೂ ಹಗುರವಾಗಲಿ ಎಂದು ಮೊಬೈಲಿನಲ್ಲಿ ಒಂದು ಹಾಡು ಹಾಕಿದೆ. ಮೈಸೂರಿನ ಹುಡುಗಿಯೊಬ್ಬಳು ಬರೀ ಒಂದು ಗಿಟಾರ್ ಇಟ್ಟುಕೊಂಡು, ಪಕ್ಕದಲ್ಲಿ ಮಗು ಮಲಗಿದೆಯೇನೋ ಅನ್ನುವಷ್ಟು ಮೆಲ್ಲಗೆ ಹಾಡಿದ್ದು. ಹಾಡು ಮುಗಿಯುವಷ್ಟರಲ್ಲಿ ಎಮ್ಮೆ ಸುಮ್ಮನಾಯಿತು. ಆಕೆ ಚೊಂಬು ಹಿಡಿದು ಕೂತಳು. ಹಾಲು ಸೊರ್ ಅಂತ ಇಳಿಯಿತು.

"ನಿಮ್ ಹಾಡಿಗೆ ಇಳಿಸ್ತು ಕಣಮ್ಮ!" ಅಂದಳು.

"ಹಾಡಿಗಲ್ಲ ತಾಯಿ, ಇಂಜೆಕ್ಷನ್ನಿಗೆ."

"ಇಂಜೆಕ್ಷನ್ನು ಹೋದ ವಾರ ಇನ್ನೊಬ್ರು ಬಂದೂ ಹಾಕಿದ್ರು. ಆವಾಗ ಇಳಿಸ್ಲಿಲ್ಲ. ಅವ್ರು ಹಾಡು ಹಾಕಿರ್ಲಿಲ್ಲ."

ಆಕೆಯ ಮೊಬೈಲಿನಲ್ಲಿ ಆ ಹಾಡು ಹುಡುಕಿ, ಹೇಗೆ ಹಾಕಬೇಕೆಂದು ತೋರಿಸಿಕೊಟ್ಟು ಬಂದೆ. ಸ್ವಲ್ಪ ದಿನಕ್ಕೆ ಫೋನ್ ಬಂತು.

"ಡಾಕ್ಟ್ರಮ್ಮ, ನಿನ್ನೆ ನೆಟ್ಟು ಖಾಲಿಯಾಗಿತ್ತು. ಇನ್ನೇನ್ ಮಾಡಾದು, ಕೇಳಿ ಕೇಳಿ ಬಾಯಿಗೆ ಬಂದ್ಬುಟ್ಟೈತಲ್ಲ ಅಂತ ನಾನೇ ಹಾಡ್ದೆ. ಒದ್ಬುಡ್ತು!"

"ಅಯ್ಯೋ! ನೋವಾಯ್ತಾ?"

"ನೋವು ಹಂಗಿರ್ಲಿ. ನಮ್ ಯಜಮಾನ್ರು ಅಲ್ಲೇ ನಿಂತಿದ್ರು. 'ಮದ್ವೆಯಾದಾಗಿಂದ ನಾನು ಹೇಳಾಕೆ ಹೆದರ್ತಿದ್ದ ಮಾತನ್ನ ಎಮ್ಮೆ ಹೇಳ್ಬುಡ್ತು' ಅಂದ್ರು."

ಹುಲಿಕುಂಟೆ ಕಡೆಯ ಅಜ್ಜಿ

ಸಿರಾದಲ್ಲಿದ್ದಾಗ ಹುಲಿಕುಂಟೆ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋಗುತ್ತಿದ್ದೆ. ಅಲ್ಲಿ ಒಬ್ಬರು ಅಜ್ಜಿ ಇದ್ದರು. ಮಿಷನ್ನಿಗೆ ಹಾಕಿಸಿದ ಹಿಟ್ಟೇ ಮನೆಗೆ ಬಂದರೂ ರಾಗಿ ಬೀಸುವ ಪದ ಮಾತ್ರ ಬಿಟ್ಟಿರಲಿಲ್ಲ. ಒಂದು ದಿನ ಬಾಗಿಲಲ್ಲಿ ಕೂತು, ಕೈಯಲ್ಲಿ ಇಲ್ಲದ ಬೀಸುಕಲ್ಲಿನ ಗೂಟ ತಿರುಗಿಸುತ್ತಾ ಹೇಳಿದರು:

"ನಿಲ್ಲಬ್ಯಾಡ ಕಲ್ಲೆ, ನಿಲ್ಲಬ್ಯಾಡ ತಾಯಿ, ತೌರೂರ ಸುದ್ದಿ ಮುಗಿದಿಲ್ಲ..."

ಅಜ್ಜಿಯನ್ನು ಕೇಳಿ, ರೆಕಾರ್ಡ್ ಮಾಡಿಕೊಂಡೆ.

"ಈಗ ನಿಂದೊಂದು ಹಾಕವ್ವ," ಅಂದರು.

ನಾನು ಆಗ ಕಂಡಕಂಡವರಿಗೆಲ್ಲ ಕೇಳಿಸುತ್ತಿದ್ದ ಹಾಡನ್ನೇ ಹಾಕಿದೆ. ದೊಡ್ಡ ಊರಿನಲ್ಲಿ ಒಂಟಿ ರೂಮು ಮಾಡಿಕೊಂಡಿರುವ ಹುಡುಗನೊಬ್ಬ, ತನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ, ಕಿಟಕಿಗೂ ತನ್ನ ಮುಖ ನೋಡಿ ಬೇಸರ ಬಂದಿದೆ ಎಂದು ಹಾಡುವ ಹಾಡು. ನನ್ನ ಜೊತೆ ಓದಿದವರೆಲ್ಲ ಅದನ್ನು ಕೇಳಿ ಎಷ್ಟು ಆಳ, ಎಷ್ಟು ಆಳ ಅಂದಿದ್ದರು. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಕಣ್ಣು ಬಿಟ್ಟು, "ಈ ಮಗ ಉಂಡೈತಾ?" ಅಂದರು.

"ಉಂಡಿರ್ತಾನೆ ಅಜ್ಜಿ. ಅದು ಹಾಡು ಅಷ್ಟೇ."

"ಅದು ಉಂಡಿರೋ ದನಿ ಅಲ್ಲ ಬುಡು," ಎಂದು ಒಳಗೆ ಎದ್ದುಹೋದರು. ರಾಗಿರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ನನ್ನ ಬ್ಯಾಗಿಗೆ ಇಟ್ಟರು. "ಸಿಕ್ಕಾಗ ಕೊಡು. ನಾನು ಕೊಟ್ಟೆ ಅಂತ ಹೇಳು."

ಆ ಹುಡುಗ ಯಾರೋ, ಎಲ್ಲಿದ್ದಾನೋ. ರೊಟ್ಟಿಯನ್ನು ದಾರಿಯಲ್ಲಿ ನಾನೂ ಜೀಪಿನ ಡ್ರೈವರೂ ಹಂಚಿಕೊಂಡು ತಿಂದೆವು. ಮುಂದಿನ ಸಲ ಹೋದಾಗ ಅಜ್ಜಿ ಮೊದಲು ಕೇಳಿದ್ದೇ ಅವನ ಸಮಾಚಾರ. ಅದೃಷ್ಟಕ್ಕೆ ಅವನು ಆ ವಾರವಷ್ಟೇ ಹೊಸ ಹಾಡು ಬಿಟ್ಟಿದ್ದ. ತಮಟೆ ಹಾಕಿಸಿ, ಕುಣಿಯುವ ಹಾಗೆ ಮಾಡಿದ್ದ. ಬಾಯಲ್ಲಿ ಏನೂ ಹೇಳದೆ ಅದನ್ನೇ ಹಾಕಿದೆ.

ಅಜ್ಜಿ ಒಂದೇ ಚರಣ ಕೇಳಿ ನನ್ನ ತೊಡೆ ತಟ್ಟಿದರು. "ನೋಡ್ದಾ? ಉಂಡವ್ನೆ!"

ಪಾವಗಡದಿಂದ ತಂದ ಜೋಗುಳ

ಪಾವಗಡದ ಕಡೆ ಕಡಲೇಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರ ಬಾಯಲ್ಲಿ ಒಂದು ತೆಲುಗು ಹಾಡು ಕೇಳಿದೆ. ನಿಧಾನವಾದ ಧಾಟಿ, ಕೊನೆಯಲ್ಲಿ ಎಲ್ಲರೂ ಸೇರಿ ಎಳೆಯುವ ಒಂದು ಎಳೆತ. ಕೇಳುತ್ತಿದ್ದರೆ ತೊಟ್ಟಿಲು ತೂಗಿದ ಹಾಗಿತ್ತು. ನನ್ನ ತೆಲುಗು "ಬನ್ನಿ", "ಕೂತುಕೊಳ್ಳಿ" ಅನ್ನುವುದು ದಾಟಿ ಮುಂದೆ ಹೋಗಿಲ್ಲ. ಜೋಗುಳವೇ ಎಂದು ತೀರ್ಮಾನಿಸಿಬಿಟ್ಟೆ. ಅವರನ್ನು ಕೇಳಿಕೊಂಡು ರೆಕಾರ್ಡ್ ಮಾಡಿದೆ. ಹೆಂಗಸರು ಯಾಕೋ ನಗುತ್ತಾ ಹಾಡಿದರು. ನಾಚಿಕೆ ಇರಬೇಕು ಅಂದುಕೊಂಡೆ.

ಅದೇ ತಿಂಗಳು ಕೊರಟಗೆರೆಯಲ್ಲಿ ನನ್ನ ತಮ್ಮನ ಮಗುವಿನ ನಾಮಕರಣ. ತಮ್ಮನ ಹೆಂಡತಿಯ ತವರು ಪಾವಗಡದ ಗಡಿಯ ಕಡೆ. ಅವಳ ತಾಯಿಗೂ ನಮ್ಮ ಅಮ್ಮನಿಗೂ ಮದುವೆಯ ದಿನದಿಂದ ಮಾತು ಅಷ್ಟಕ್ಕಷ್ಟೇ. ಫೋಟೋಗೆ ನಿಲ್ಲುವಾಗ ಯಾರನ್ನು ಯಾರು ಕರೆಯಲಿಲ್ಲ ಎಂಬುದು ಅಲ್ಲಿಯವರೆಗೂ ಇತ್ಯರ್ಥವಾಗಿರಲಿಲ್ಲ. ಇಬ್ಬರು ಬೀಗಿತ್ತಿಯರೂ ತೊಟ್ಟಿಲಿನ ಆಚೆ ಒಬ್ಬರು, ಈಚೆ ಒಬ್ಬರು, ಪರೀಕ್ಷೆ ಹಾಲಿನಲ್ಲಿ ಕೂತವರ ಹಾಗೆ ಕೂತಿದ್ದರು. ಪಾವಗಡದ ಕಡೆಯ ಹಾಡೇ ಹಾಕಿದರೆ ತಮ್ಮನ ಅತ್ತೆಗೆ ಖುಷಿಯಾಗಿ ಎರಡು ಮಾತಾದರೂ ಆಡಿಯಾರು ಅಂತ ನನ್ನ ಲೆಕ್ಕ. ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ, ದೊಡ್ಡ ಸ್ಪೀಕರಿನಲ್ಲಿ ನನ್ನ ಜೋಗುಳ ಹಾಕಿಸಿದೆ.

ಪಾವಗಡದ ಕಡೆಯವರೆಲ್ಲ ಒಮ್ಮೆಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡರು. ಹೆಗಲು ಕುಲುಕಿ ಕುಲುಕಿ ಅಲ್ಲಾಡುತ್ತಿತ್ತು. ತವರಿನ ನೆನಪು ಬಂತೇನೋ ಎಂದು ನನಗೆ ಸಂಕಟವಾಗಿ, ಹೋಗಿ ಕೈ ಹಿಡಿದುಕೊಂಡೆ. "ಅಳಬೇಡಿ ಅಮ್ಮ. ನಿಲ್ಲಿಸೋಕೆ ಹೇಳ್ಲಾ?"

ಆಕೆ ಸೆರಗು ತೆಗೆದರು. ಅಳುವಲ್ಲ, ನಗು. "ಆಪೊದ್ದಮ್ಮಾ! ನಿಲ್ಲಿಸ್ಬೇಡ. ಇದು ಜೋಗುಳ ಅಂತ ನಿಂಗ್ಯಾರು ಹೇಳಿದ್ದು? ಮದುವೇಲಿ ಹೆಣ್ಣಿನ ಕಡೆಯೋರು ಗಂಡಿನ ತಾಯಿನ ಬೈಯ್ಯೋ ಹಾಡು ಕಣಮ್ಮ! ಬೀಗಿತ್ತಿ ಬಾಯಿ ಬಾವಿಯಂಗೈತೆ, ಹಂಡೆ ಪಾಯಸ ಕುಡಿದ್ರೂ ತುಂಬಲ್ಲ ಅಂತವ್ರೆ."

ಅಲ್ಲಿ ಗಂಡಿನ ತಾಯಿ ಅಂದರೆ ನಮ್ಮಮ್ಮ. ನಾನು ಹೆದರಿ ತಿರುಗಿ ನೋಡಿದೆ. ಒಂದಕ್ಷರವೂ ಅರ್ಥವಾಗದ ಅಮ್ಮ, ತೊಟ್ಟಿಲ ಹಗ್ಗ ಹಿಡಿದು, ತಲೆದೂಗುತ್ತಾ, "ಎಷ್ಟು ಚೆನ್ನಾಗಿದೆಯೇ! ಇನ್ನೊಂದ್ಸಲ ಹಾಕ್ಸು," ಅಂದಳು.

ಅಷ್ಟೇ. ಪಾವಗಡದವರು ಕಟ್ಟಿಹಾಕಿದ್ದ ನಗುವೆಲ್ಲ ಒಟ್ಟಿಗೆ ಒಡೆಯಿತು. ಏನು ಏನು ಎಂದು ಅಮ್ಮ ಹಟ ಹಿಡಿದಳು. ಕೊನೆಗೆ ಊಟದ ಪಂಕ್ತಿಯಲ್ಲಿ ಬೀಗಿತ್ತಿಯೇ ಪಾಯಸದ ಪಾತ್ರೆ ಹಿಡಿದು ಬಂದು, ಅಮ್ಮನ ಎಲೆಯ ಮುಂದೆ ಬಗ್ಗಿ, ಹಾಡಿನ ಅರ್ಥವನ್ನು ಒಂದೊಂದಾಗಿ ಹೇಳಿದರು. ಅಮ್ಮ ಎಲ್ಲ ಕೇಳಿ, ಲೋಟ ಮುಂದೆ ಹಿಡಿದಳು.

"ಬಾವಿ ಅಂದ್ಮೇಲೆ ಒಂದು ಸೌಟಲ್ಲಿ ಏನಾಗುತ್ತೆ ಬೀಗರೇ? ಹಾಕಿ, ಹಾಕಿ."

ಮಧುಗಿರಿಯ ಇನ್ಸ್‌ಪೆಕ್ಟರು

ಈಗಿರುವ ಮಧುಗಿರಿ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ಒಬ್ಬ ವೆಟರ್ನರಿ ಇನ್ಸ್‌ಪೆಕ್ಟರಿದ್ದಾನೆ. ಗೂಳಿಯ ಮೂಗುದಾರ ಹಿಡಿದು ನಿಲ್ಲಿಸುವ ಹುಡುಗ, ಹೆಣ್ಣುಮಕ್ಕಳ ಮುಂದೆ ಮಾತ್ರ ಬಾಯಿ ಬರುವುದಿಲ್ಲ. ಹತ್ತಿರದ ಹಳ್ಳಿಯ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿರುವ ಹುಡುಗಿ ಹಾಡಿನ ವಿಷಯದಲ್ಲಿ ನನ್ನ ಹಾಗೆ, ಇವನ ಹಾಗೆ ಹುಚ್ಚಿ. ಅವಳ ನಂಬರ್ ಕೇಳುವ ಧೈರ್ಯವಿಲ್ಲದೆ ಇವನು ನನಗೆ ಹಾಡು ಕಳಿಸುತ್ತಿದ್ದ.

"ಮೇಡಂ, ಇದು ಅವರಿಗೆ ಹಿಡಿಸ್ಬಹುದು. ನಿಮ್ಮ ಹೆಸರಲ್ಲೇ ಕಳಿಸಿ."

ನಾನು ಕಳಿಸುತ್ತಿದ್ದೆ. ಅವಳಿಂದ ಉತ್ತರ ಬರುತ್ತಿತ್ತು: "ಬಹಳ ಚೆನ್ನಾಗಿದೆ ಮೇಡಂ. ಕಳಿಸಿದವರಿಗೂ ಹೇಳಿ." ಅದರ ಹಿಂದೆಯೇ, ಡೇರಿಗೆ ಹಾಲು ಹಾಕಲು ಬರುವ ಹೆಂಗಸರಿಂದ ಹಾಡಿಸಿದ ಒಂದು ಸೋಬಾನೆ. "ಇದನ್ನು ಸುಮ್ಮನೆ ನಿಮ್ಮ ಆಸ್ಪತ್ರೆಯವರಿಗೆಲ್ಲ ಕೇಳಿಸಿ." ಆಸ್ಪತ್ರೆಯಲ್ಲಿ ಹಾಡು ಕೇಳುವವರು ನಾವಿಬ್ಬರೇ ಎಂದು ಅವಳಿಗೆ ಗೊತ್ತಿತ್ತು.

ಹೀಗೆ ನಡೆಯುತ್ತಿರುವಾಗ ಭಾನುವಾರ ಅವಳನ್ನು ನೋಡಲು ಗಂಡಿನವರು ಬರುತ್ತಾರೆ ಎಂಬ ಸುದ್ದಿ ಬಂತು. ನಮ್ಮ ಇನ್ಸ್‌ಪೆಕ್ಟರ ಮುಖ ನೋಡಲಾಗಲಿಲ್ಲ.

"ಇನ್ನು ಬೇರೆಯವರ ಹಾಡು ಸಾಕು ಕಣೋ. ನೀನೇ ಹೇಳು," ಅಂತ ಗದರಿಸಿದೆ.

ಹೇಳಲಿಲ್ಲ, ಹಾಡಿದ. ಅವನ ತಾಯಿ ಹೇಳುತ್ತಿದ್ದ ಒಂದು ಪದವನ್ನು ತಾನೇ ಹಾಡಿ, ರೆಕಾರ್ಡ್ ಮಾಡಿ ನನಗೆ ಕಳಿಸಿದ. "ಈ ಸಲ ನನ್ನ ಹೆಸರಲ್ಲೇ ಕಳಿಸಿ ಮೇಡಂ."

ನಾನಾಗ ಒಂದು ಹಸುವಿನ ಹೆರಿಗೆ ಮಾಡಿಸಿ, ಆಗತಾನೆ ಗ್ಲೌಸು ತೆಗೆದು ಕೈ ತೊಳೆದಿದ್ದೆ. ಒದ್ದೆ ಬೆರಳಿನಲ್ಲೇ ಫೋನ್ ಒತ್ತಿ, "ಇದು ನಮ್ಮ ಇನ್ಸ್‌ಪೆಕ್ಟರ್ ವಿಷಯ. ಮನಸ್ಸಿಟ್ಟು ಕೇಳಮ್ಮ" ಎಂದು ಬರೆದು, ಆಡಿಯೋ ಕಳಿಸಿ, ಮುಂದಿನ ಹಳ್ಳಿಗೆ ಹೊರಟೆ.

ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಂತು.

"ಮೇಡಂ, ಅವರು ಈ ಸ್ಥಿತೀಲಿದಾರೆ ಅಂತ ನಂಗೊತ್ತೇ ಇರ್ಲಿಲ್ಲ. ಅವರ ತಂದೆಯವರು ಎಷ್ಟು ನೊಂದ್ಕೊಂಡವ್ರೆ! ಭಾನುವಾರ ಬರೋರಿಗೆ ಬೇಡ ಅಂತ ಹೇಳ್ಸಿದೀನಿ. ಇವರನ್ನ ಕರ್ಕೊಂಡ್ ಬನ್ನಿ."

ತಂದೆಯವರು? ನನಗೆ ಬುಡ ತುದಿ ತಿಳಿಯಲಿಲ್ಲ. ಫೋನ್ ತೆಗೆದು ನೋಡಿದರೆ, ಹೋಗಿದ್ದು ಇನ್ಸ್‌ಪೆಕ್ಟರ ಹಾಡಲ್ಲ. ಸಿದ್ದರಬೆಟ್ಟದ ಕಡೆಯ ಒಬ್ಬರು ರೈತರು ಅದೇ ಹೊತ್ತಿಗೆ ತಮ್ಮ ಎತ್ತಿನ ಬಗ್ಗೆ ನನಗೆ ಕಳಿಸಿದ್ದ ದನಿ:

"ಡಾಕ್ಟ್ರಮ್ಮ, ನಮ್ ಹುಡ್ಗ ಯಾಕೋ ಸರಿಗಿಲ್ಲ. ಏನಿಟ್ರೂ ಮೂಸಿ ನೋಡಾಕಿಲ್ಲ. ತಲೆ ತಗ್ಗಿಸ್ಕಂಡು ದಾರಿನೇ ನೋಡ್ತಾ ನಿಂತವ್ನೆ. ಕಣ್ಣಾಗೆ ನೀರು ಬೇರೆ. ಬಾಯ್ಬುಟ್ಟು ಹೇಳಾಕೆ ಬರಾಕಿಲ್ವಲ್ಲ ಪಾಪ. ನೀವೇ ಏನಾದ್ರೂ ಮಾಡಿ ಉಳಿಸ್ಕೊಡ್ಬೇಕು ತಾಯಿ."

ಇನ್ಸ್‌ಪೆಕ್ಟರಿಗೆ ಕೇಳಿಸಿದೆ. ಮೊದಲು ಬೆಳ್ಳಗಾದ, ಆಮೇಲೆ ಕೆಂಪಗಾದ. "ನಾನೇ ಹೇಳ್ತೀನಿ ಮೇಡಂ," ಅಂದ. ಅವನು ಹೇಳುತ್ತಾನೆ ಎಂದು ನಾನು ನಂಬಿದೆ. ಅಷ್ಟರಲ್ಲಿ ಎರಡು ಮನೆಯವರೂ ಒಪ್ಪಿ, ನಿಶ್ಚಿತಾರ್ಥವೂ ಬಂತು.

ಹುಡುಗಿಯ ಮನೆಯಲ್ಲಿ ಎಲ್ಲರೂ ಕೂತಿದ್ದೆವು. ಆ ಎತ್ತಿಗೆ ಗುಣವಾಗುವ ತನಕ ದಿನಾ ಹೋಗಿ ನೋಡಿಕೊಂಡವನು ಇನ್ಸ್‌ಪೆಕ್ಟರೇ ಆದ್ದರಿಂದ ಆ ರೈತರನ್ನೂ ಕರೆದಿದ್ದ. ಅವರು ಬಾಗಿಲಲ್ಲೇ ನನಗೆ ಕೈ ಮುಗಿದರು.

"ಡಾಕ್ಟ್ರಮ್ಮ, ನಿಮ್ ಪುಣ್ಯ! ನಮ್ ಹುಡ್ಗ ಈಗ ಹೆಂಗವ್ನೆ ಅಂತೀರಿ! ನಿನ್ನೆ ಒಂದು ಹೊರೆ ಹುಲ್ಲು ತಿಂದು, ಗಾಡಿ ಎಳ್ದ!"

ಹುಡುಗಿ ಆ ದನಿ ಕೇಳಿದವಳೇ ತಲೆಯೆತ್ತಿದಳು. ಅವರನ್ನು ನೋಡಿದಳು. ಪಕ್ಕದಲ್ಲಿ ಕೂತಿದ್ದ ಇನ್ಸ್‌ಪೆಕ್ಟರ ನಿಜವಾದ ತಂದೆಯನ್ನು ನೋಡಿದಳು. ಕೊನೆಗೆ ಇನ್ಸ್‌ಪೆಕ್ಟರನ್ನು ನೋಡಿದಳು. ಅವನು ಜಮಖಾನೆಯ ದಾರ ಕೀಳುತ್ತಿದ್ದ.

"ಎತ್ತಾ?" ಅಂದಳು.

"ಎತ್ತು," ಅಂದ.

ಅವಳು ತುಟಿ ಕಚ್ಚಿ ಹಿಡಿದರೂ ನಗು ತಪ್ಪಿಸಿಕೊಂಡು ಬಂತು. "ಹಂಗಾದ್ರೆ ನೀವು ಕಳಿಸಿದ್ದು ಏನು?"

ನಾನೇ ನನ್ನ ಫೋನಿನಲ್ಲಿ ಅವನ ಹಾಡು ಹಾಕಿದೆ. ಭಯಕ್ಕೋ ನಾಚಿಕೆಗೋ ಶ್ರುತಿ ಒಂದು ಕಡೆ, ಪದ ಒಂದು ಕಡೆ. ಎತ್ತರದ ಸ್ವರಕ್ಕೆ ಹೋದಾಗ ದನಿ ಒಡೆದು, ಎಳೆದು, ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡು, ಮತ್ತೆ ಹೇಗೋ ಹೊರಗೆ ಬರುತ್ತಿತ್ತು. ಕೂತವರೆಲ್ಲ ನೆಲ ನೋಡುತ್ತಿದ್ದರು. ಹುಡುಗಿ ಮಾತ್ರ ಕಣ್ಣು ತುಂಬಿಕೊಂಡು, ಅಷ್ಟು ಚೆಂದದ ಹಾಡು ಲೋಕದಲ್ಲೇ ಇಲ್ಲವೆಂಬಂತೆ ಕೇಳುತ್ತಿದ್ದಳು.

ಹಾಡು ಮುಗಿಯಿತು. ಆ ರೈತರು ಹತ್ತಿರ ಬಂದು, ಮುಖ ಚಿಕ್ಕದು ಮಾಡಿಕೊಂಡು ನನ್ನ ಕಿವಿಯಲ್ಲಿ ಅಂದರು:

"ಯಾರೂರ ಎತ್ತಮ್ಮ ಅದು? ಬಲೇ ನೋವ್ನಾಗೈತೆ. ಇಲ್ಲಿ ಊಟಗೀಟ ಆಮೇಲೆ ಮಾಡೀರಂತೆ, ಮೊದ್ಲು ಹೋಗಿ ನೋಡಿ ಬನ್ನಿ."